ಹೃದಯ ಬಡಿತದ ಡಾಕ್ಟರ್ ಆಗೋದು ಹೇಗೆ? ಇಪಿಯಲ್ಲಿ ನಿಜವಾಗಿಯೂ ಕೇಸ್ ಬರಲ್ವಾ?

ನೀವು ಎಂಬಿಬಿಎಸ್ ಕೊನೆಯ ವರ್ಷದಲ್ಲಿದ್ದೀರಿ. ಹೃದಯ ಬಡಿತದ ಏರುಪೇರು ನೋಡುವ ಎಲೆಕ್ಟ್ರೋಫಿಸಿಯಾಲಜಿಸ್ಟ್ (ಇಪಿ ಡಾಕ್ಟರ್) ಆಗುವ ಆಸೆ ಇದೆ. ಸೀನಿಯರ್‌ಗಳು ಮಾತ್ರ "ಸ್ಟೆಂಟ್ ಹಾಕೋದು ಕಲಿ, ಇಪಿಯಲ್ಲಿ ಕೇಸೇ ಬರಲ್ಲ" ಅನ್ನುತ್ತಿದ್ದಾರೆ. ಇದು ನಿಜವೇ ಅಂತ ಕೇಳಿದ್ದೀರಿ. ನಾನು ಬೆಂಗಳೂರಿನಲ್ಲಿ ಇದೇ ಕೆಲಸ ಮಾಡುತ್ತೇನೆ. ಕೇಸ್ ಬರುತ್ತವೆ. ನಮ್ಮ ತನಕ ಬರುವುದು ತಡ, ಅಷ್ಟೇ.

ಮೊದಲು ವರ್ಷಗಳ ಲೆಕ್ಕ ಮುಗಿಸಿಬಿಡೋಣ. ಇಂಟರ್ನ್‌ಶಿಪ್ ಸೇರಿ ಎಂಬಿಬಿಎಸ್‌ಗೆ 5½ ವರ್ಷ. ಜನರಲ್ ಮೆಡಿಸಿನ್ ಎಂಡಿಗೆ 3, ಕಾರ್ಡಿಯಾಲಜಿ ಡಿಎಂಗೆ 3, ಆಮೇಲೆ ಇಪಿ ಫೆಲೋಶಿಪ್‌ಗೆ 1 ಅಥವಾ 2. ಮಧ್ಯೆ ನೀಟ್ ಪಿಜಿ, ನೀಟ್ ಎಸ್‌ಎಸ್ ಪ್ರವೇಶ ಪರೀಕ್ಷೆ ಅಂತ ಹೋಗುವ ಸಮಯ ಬೇರೆ. ಸ್ವಂತವಾಗಿ ಕೇಸ್ ಮಾಡುವ ಹೊತ್ತಿಗೆ ವಯಸ್ಸು ಮೂವತ್ತೈದರ ಹತ್ತಿರ ಬಂದಿರುತ್ತದೆ. ಅಷ್ಟರಲ್ಲಿ ಪಿಯುಸಿಯಲ್ಲಿ ಪಕ್ಕ ಕೂತಿದ್ದ ಇಂಜಿನಿಯರ್ ಗೆಳೆಯ ಮನೆ ಸಾಲ ಅರ್ಧ ತೀರಿಸಿರುತ್ತಾನೆ. ಮನೆಯವರಿಗೆ ಇದನ್ನು ಈಗಲೇ ಹೇಳಿಬಿಡಿ.

ಈಗ ಕೇಸ್ ಯಾಕೆ ತಡ ಅನ್ನೋದಕ್ಕೆ ಬರುತ್ತೇನೆ. ನಮ್ಮಲ್ಲಿ ತುಂಬಾ ಸಾಮಾನ್ಯವಾಗಿ ಬರುವ ಪೇಷೆಂಟ್ ಹೀಗಿರುತ್ತಾರೆ: ಮೂವತ್ತು ದಾಟಿದ ಹೆಂಗಸು. ಏನೋ ಎತ್ತಿಕೊಳ್ಳಲು ಬಗ್ಗುತ್ತಾರೆ, ಎದೆ ಡವಡವ ಅಂತ ಶುರುವಾಗುತ್ತದೆ, ನಿಮಿಷಕ್ಕೆ 180ರ ಹತ್ತಿರ. ಆಟೋ ಹಿಡಿದು ಆಸ್ಪತ್ರೆ ಸೇರುವಷ್ಟರಲ್ಲಿ ನಿಂತಿರುತ್ತದೆ. ಇಸಿಜಿ ನಾರ್ಮಲ್, ಎಕೋ (ಹೃದಯದ ಸ್ಕ್ಯಾನ್) ನಾರ್ಮಲ್. "ಗ್ಯಾಸ್ಟ್ರಿಕ್ ಇರಬೇಕು", "ಟೆನ್ಷನ್ ಮಾಡ್ಕೋಬೇಡಿ ಅಮ್ಮ". ಗ್ಯಾಸ್ ಮಾತ್ರೆ ಆಯಿತು, ನಿದ್ದೆ ಮಾತ್ರೆ ಆಯಿತು, ಮನೆಯಲ್ಲಿ ದೃಷ್ಟಿ ತೆಗೆದದ್ದೂ ಆಯಿತು. ಹೀಗೇ ವರ್ಷಗಟ್ಟಲೆ ಕಳೆಯುತ್ತದೆ.

ನಾನು ಕೇಳೋದು ಎರಡೇ. "ಹೇಗೆ ಶುರುವಾಗುತ್ತೆ, ಹೇಗೆ ನಿಲ್ಲುತ್ತೆ?" "ಸ್ವಿಚ್ ಹಾಕಿದ ಹಾಗೆ ಸರ್, ಹಾಗೇ ಆಫೂ ಆಗುತ್ತೆ." "ಕತ್ತಿನಲ್ಲೂ ಬಡಿದ ಹಾಗೆ ಆಗುತ್ತಾ?" "ಹೂಂ ಸರ್!" ಅರ್ಧ ರೋಗ ಅಲ್ಲೇ ಸಿಕ್ಕಿತು. ಟೆನ್ಷನ್‌ನಿಂದ ಏರುವ ಬಡಿತ ಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತದೆ. ಉಳಿದರ್ಧಕ್ಕೆ ಬಡಿತ ಇರುವಾಗಲೇ ತೆಗೆದ ಇಸಿಜಿ ಬೇಕು. "ದೊಡ್ಡ ಆಸ್ಪತ್ರೆಗೆ ಓಡಬೇಡಿ, ಪಕ್ಕದ ಬೀದಿಯ ಕ್ಲಿನಿಕ್ಕಾದರೂ ಸರಿ, ತೆಗೆಸಿ ವಾಟ್ಸಾಪ್ ಮಾಡಿ" ಅಂತ ಹೇಳಿ ಕಳಿಸುತ್ತೇನೆ. ಆ ಒಂದು ಚೀಟಿ ಹತ್ತು ಟೆಸ್ಟ್‌ಗಿಂತ ಮೇಲು.

ಲ್ಯಾಬ್‌ನಲ್ಲಿ ತೊಡೆಸಂದಿನ ವೇನ್‌ನಿಂದ ತೆಳು ಕ್ಯಾಥೆಟರ್‌ಗಳನ್ನು ಹೃದಯದೊಳಕ್ಕೆ ಬಿಡುತ್ತೇವೆ. ಪೇಷೆಂಟ್ ಎಚ್ಚರವಾಗಿರುತ್ತಾರೆ. ಆಮೇಲೆ ನಾವೇ ಬೇಕಂತ ಆ ಬಡಿತ ಎಬ್ಬಿಸುತ್ತೇವೆ. "ಇದೇ ಸರ್, ಇದೇ ಇದೇ!" ಅಂತಾರೆ. ಇಷ್ಟು ದಿನ ಯಾರೂ ನಂಬದೇ ಇದ್ದದ್ದು ಕೊನೆಗೂ ಪರದೆ ಮೇಲೆ ಬಂತಲ್ಲ, ಎಷ್ಟೋ ಜನ ಖುಷಿಯಾಗೇ ಹೇಳುತ್ತಾರೆ!

ಎವಿಎನ್‌ಆರ್‌ಟಿ (ಎವಿ ನೋಡ್ ಬಳಿ ಸಿಗ್ನಲ್ ಸುತ್ತು ಹೊಡೆಯುವ ಕಾಯಿಲೆ) ಆಗಿದ್ದರೆ, ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಸಿಗ್ನಲ್ ದಾಟಿಸುವ ಈ ಎವಿ ನೋಡ್‌ಗೆ ಹೊಂದಿಕೊಂಡಿರುವ ನಿಧಾನ ದಾರಿಯನ್ನು ಸುಡಬೇಕು. ಹೀಗೆ ಸುಡುವುದಕ್ಕೇ ಅಬ್ಲೇಷನ್ ಅನ್ನೋದು. ನೋಡ್ ಕೆಲವೇ ಮಿಲಿಮೀಟರ್ ದೂರ. ಬರ್ನ್ ಕೊಡುವಾಗ ನಿಧಾನ ಜಂಕ್ಷನಲ್ ಬೀಟ್ (ನೋಡ್ ಬಳಿಯಿಂದಲೇ ಹುಟ್ಟುವ ಬಡಿತ) ಬಂದರೆ ಜಾಗ ಸರಿ ಇದೆ ಅಂತ. ಅವು ವೇಗ ಹಿಡಿದರೆ, ಅಥವಾ ಬೀಟ್‌ನ ಹಿಂದೆ ಮೇಲಿನ ಕೋಣೆಯ ಸಿಗ್ನಲ್ ತಪ್ಪಿದರೆ, "ಆಫ್!" ಅನ್ನಬೇಕು, ತಕ್ಷಣ. ತಡವಾದರೆ ಪೇಷೆಂಟ್‌ಗೆ ಜೀವನವಿಡೀ ಪೇಸ್‌ಮೇಕರ್. ಅನುಭವ ಇರುವ ಕೈಯಲ್ಲಿ ಹೀಗಾಗುವುದು ನೂರಕ್ಕೆ ಒಂದು, ಇಲ್ಲವೇ ಅದಕ್ಕಿಂತ ಕಡಿಮೆ. ಆದರೂ ಆ ಅರ್ಧ ನಿಮಿಷ ಲ್ಯಾಬ್‌ನಲ್ಲಿ ಯಾರೂ ಮಾತಾಡುವುದಿಲ್ಲ. ಸುಮಾರು ಅರ್ಧ ಗಂಟೆ ಕಾದು ಮತ್ತೆ ಎಬ್ಬಿಸಲು ನೋಡುತ್ತೇವೆ. ಏಳಲಿಲ್ಲ ಅಂದರೆ ಆಯಿತು. ಮಾರನೇ ದಿನ ಮನೆಗೆ, ಮಾತ್ರೆ ಬಂದ್. ನೂರರಲ್ಲಿ 95ಕ್ಕಿಂತ ಜಾಸ್ತಿ ಜನಕ್ಕೆ ಕಾಯಿಲೆ ಅಲ್ಲಿಗೇ ಮುಗಿಯುತ್ತದೆ. ಕಾರ್ಡಿಯಾಲಜಿಯಲ್ಲಿ "ವಾಸಿಯಾಯಿತು, ಇನ್ನು ನನ್ನ ಹತ್ತಿರ ಬರಬೇಡಿ" ಅನ್ನುವ ಭಾಗ್ಯ ಬೇರೆ ಎಲ್ಲಿದೆ ಹೇಳಿ?

ಎಲ್ಲವೂ ಇಷ್ಟು ಚೊಕ್ಕ ಅಲ್ಲ. ಏಟ್ರಿಯಲ್ ಫಿಬ್ರಿಲೇಷನ್ (ಎಎಫ್), ಅಂದರೆ ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಅದುರುವ ಕಾಯಿಲೆ ತೊಗೊಳ್ಳಿ. 1998ರಲ್ಲಿ ಫ್ರಾನ್ಸ್‌ನ ಬೋರ್ಡೋದಲ್ಲಿ ಹೈಸಗೇರ್ ಅವರ ತಂಡ ಇದರ ಕಿಡಿ ಹೆಚ್ಚಾಗಿ ಪಲ್ಮನರಿ ವೇನ್‌ಗಳಲ್ಲಿ (ಶ್ವಾಸಕೋಶದಿಂದ ಹೃದಯಕ್ಕೆ ಬರುವ ರಕ್ತನಾಳಗಳಲ್ಲಿ) ಏಳುತ್ತದೆ ಅಂತ ತೋರಿಸಿತು. ಅಲ್ಲಿಂದ ಅಬ್ಲೇಷನ್ ಹಾದಿ ತೆರೆಯಿತು. ಆದರೂ ಎಷ್ಟೋ ಜನಕ್ಕೆ ಮರುಕಳಿಸುತ್ತದೆ, ಇದನ್ನು ಮೊದಲೇ ಹೇಳಬೇಕು. ನಮ್ಮ ಕಡೆ ಇನ್ನೊಂದು ತರಹದ್ದೂ ಇದೆ: ಚಿಕ್ಕಂದಿನ ರುಮ್ಯಾಟಿಕ್ ಜ್ವರದಿಂದ ಮೈಟ್ರಲ್ ವಾಲ್ವ್ ಕಿರಿದಾಗಿ, ಸಣ್ಣ ವಯಸ್ಸಿಗೇ ಎಎಫ್ ಬಂದವರು. ಇವರಿಗೆ ರಕ್ತ ತೆಳು ಮಾಡುವ ಹೊಸ ಮಾತ್ರೆ ಹೊಂದುವುದಿಲ್ಲ. 2022ರ ಇನ್‌ವಿಕ್ಟಸ್ ಅಧ್ಯಯನದಲ್ಲೂ ವಾರ್ಫರಿನ್‌ನಂಥ ಹಳೆಯ ಮಾತ್ರೆಯೇ ಗೆದ್ದಿತು. ಹಳ್ಳಿಯಿಂದ ಬಸ್ ಹತ್ತಿ ಬಂದು ಐಎನ್‌ಆರ್ (ರಕ್ತ ಎಷ್ಟು ತೆಳುವಾಗಿದೆ ಅಂತ ನೋಡುವ ಟೆಸ್ಟ್) ಮಾಡಿಸಿ, ಡೋಸ್ ಹೊಂದಿಸಿಕೊಂಡು ಹೋಗಲೇಬೇಕು. ಇಲ್ಲಿ ಕ್ಯಾಥೆಟರ್‌ಗಿಂತ ಬಾಯಿಗೇ ಕೆಲಸ ಜಾಸ್ತಿ.

ಪೇಸ್‌ಮೇಕರ್ ಕ್ಲಿನಿಕ್ ಇನ್ನೊಂದು ಲೋಕ. ಬ್ಯಾಟರಿ ಎಷ್ಟಿದೆ, ಲೀಡ್ (ಹೃದಯಕ್ಕೆ ಹೋಗುವ ವೈರ್) ಸರಿ ಇದೆಯಾ ಅಂತ ನೋಡುತ್ತಾ ಕೂರಬೇಕು. ಪುಸ್ತಕದಲ್ಲಿ ಅಷ್ಟಾಗಿ ಸಿಗದ ಒಂದು ವಿಷಯ ಹೇಳುತ್ತೇನೆ. ಶವ ಸುಡುವ ಮೊದಲು ಪೇಸ್‌ಮೇಕರ್ ತೆಗೆಯಬೇಕು, ಬೆಂಕಿಗೆ ಅದು ಸಿಡಿಯಬಹುದು. ದುಃಖದಲ್ಲಿರುವ ಮಕ್ಕಳಿಗೆ ಇದನ್ನು ಫೋನಿನಲ್ಲಿ ಹೇಳುವುದೂ ನಮ್ಮ ಕೆಲಸವೇ.

ದುಡ್ಡಿನ ವಿಷಯ: ಸ್ಟೆಂಟ್ ಹಾಕುವವರಿಗೆ ಮೊದಲ ವರ್ಷಗಳಲ್ಲಿ ಜಾಸ್ತಿ ಸಿಗುತ್ತದೆ, ನಿಜ. ಅದಕ್ಕೆ ತಕ್ಕ ಹಾಗೆ ರಾತ್ರಿ ಎರಡು ಗಂಟೆಯ ಹಾರ್ಟ್ ಅಟ್ಯಾಕೂ ಅವರದ್ದೇ. ನಮ್ಮದು ಹೆಚ್ಚಾಗಿ ಹಗಲಿನ ಕೆಲಸ. ಆದರೆ ಒಂದೊಂದು ಕೇಸ್ ಗಂಟೆಗಟ್ಟಲೆ ಹಿಡಿಯುತ್ತದೆ, ಮೈಮೇಲೆ ಎಕ್ಸ್‌ರೇ ತಡೆಯುವ ಸೀಸದ ಏಪ್ರನ್. ಸೊಂಟ ನೋವು ಇಲ್ಲದ ಸೀನಿಯರ್ ನನಗಂತೂ ಸಿಕ್ಕಿಲ್ಲ. ಹೃದಯದೊಳಗಿನ ನಕ್ಷೆಯನ್ನು ಕಂಪ್ಯೂಟರಿನಲ್ಲೇ ತೋರಿಸುವ 3ಡಿ ಮ್ಯಾಪಿಂಗ್ ಬಂದ ಮೇಲೆ ಎಕ್ಸ್‌ರೇ ಕಡಿಮೆಯಾಗಿದೆ. ಆ ಮಷಿನ್ ದುಬಾರಿ, ಹಾಗಾಗಿ ಕೆಲಸ ಇರುವುದು ದೊಡ್ಡ ಊರುಗಳಲ್ಲೇ. ಸ್ವಂತ ಜಿಲ್ಲೆಗೆ ವಾಪಸ್ ಹೋಗುವ ಯೋಚನೆ ಇದ್ದರೆ ಸ್ಟೆಂಟ್ ಹಾಕುವುದನ್ನೂ ಚೆನ್ನಾಗಿ ಕಲಿತುಕೊಳ್ಳಿ. ಇಷ್ಟರ ಮಟ್ಟಿಗೆ ನಿಮ್ಮ ಸೀನಿಯರ್‌ಗಳ ಮಾತು ಸರಿ.

ಸದ್ಯಕ್ಕೆ ವಾರ್ಡಿನ ಇಸಿಜಿಗಳನ್ನು ಮಷಿನ್ ಬರೆದ ರಿಪೋರ್ಟ್ ನೋಡದೆ ಓದಿ ಅಭ್ಯಾಸ ಮಾಡಿ. ಇಂಟರ್ನ್‌ಶಿಪ್‌ನಲ್ಲಿ ಯಾವುದಾದರೂ ಇಪಿ ಲ್ಯಾಬ್‌ನಲ್ಲಿ ಪರ್ಮಿಷನ್ ಕೇಳಿ ಒಂದು ಪೂರ್ತಿ ಕೇಸ್ ನೋಡಿ. ಮೂರನೇ ಗಂಟೆಯಲ್ಲೂ ಆ ಗೆರೆಗಳು ಬೋರ್ ಹೊಡೆಸದಿದ್ದರೆ, ಡಿಎಂ ಸೀಟು ಆರಿಸುವಾಗ ಊರು ನೋಡಬೇಡಿ, ಅಲ್ಲಿ ಇಪಿ ಕೇಸ್ ಎಷ್ಟು ಆಗುತ್ತವೆ ಅಂತ ವಿಚಾರಿಸಿ.