ಹೆಂಚಿನ ಮೇಲಿನ ಇಸವಿ, ತೊಲೆಯ ಮೇಲಿನ ಸಂವತ್ಸರ

ಪ್ರಶ್ನೆ: ಶಿರಸಿ ಪೇಟೆಯಲ್ಲಿ ನಮ್ಮದೊಂದು ಹಳೇ ಅಂಗಡಿ ಇದೆ. ಕೆಳಗೆ ಕಿರಾಣಿ, ಮೇಲೆ ಅಡಿಕೆ ಮೂಟೆ ಇಡುತ್ತಿದ್ದ ಅಟ್ಟ. ಹೆಂಚಿನ ಮೇಲೆ ಇಂಗ್ಲಿಷಿನಲ್ಲಿ ‘ಬಾಸೆಲ್ ಮಿಷನ್ 1865’ ಎಂದಿದೆ. ಅಟ್ಟದ ತೊಲೆಯಲ್ಲಿ ‘ಕೀಲಕ ಸಂ. ವೈಶಾಖ ಶು. 3’ ಎಂದು ಕೆತ್ತಿದ್ದಾರೆ. ಕಟ್ಟಡಕ್ಕೆ ನೂರೈವತ್ತು ವರ್ಷ ದಾಟಿದೆ ಅಂತ ದೊಡ್ಡಪ್ಪ, ಅಷ್ಟಾಗಿಲ್ಲ ಅಂತ ಅಪ್ಪ. ಯಾರು ಸರಿ? ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಿದ್ದೆವು. ಈಗ ಸೊಂಟದೆತ್ತರದವರೆಗೆ ಉಬ್ಬಿ ಉದುರುತ್ತಿದೆ. ಕೆಡವಿ ಆರ್‌ಸಿಸಿ ಹಾಕಿಸಿ ಅಂತಾರೆ ಗುತ್ತಿಗೆದಾರರು. ಹಲಗೆ ಬಾಗಿಲು ತೆಗೆದು ಶಟರ್ ಹಾಕಿಸಬಹುದಾ?
– ಓದುಗರೊಬ್ಬರು, ಶಿರಸಿ

ಉತ್ತರ: ಅಪ್ಪ ಸರಿ. ಹೆಂಚಿನ ಮೇಲಿನ 1865 ನಿಮ್ಮ ಅಂಗಡಿಯ ಇಸವಿ ಅಲ್ಲ, ಕಾರ್ಖಾನೆಯದು. ಬಾಸೆಲ್ ಮಿಷನ್ ಅಂದರೆ ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆ. ಅದರ ಜಾರ್ಜ್ ಪ್ಲೆಬ್‌ಸ್ಟ್ ಎಂಬವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ವರ್ಷ ಅದು. ಆಮೇಲೂ ಹೆಂಚಿನ ಮೇಲೆ ಅದೇ ಇಸವಿ ಒತ್ತುತ್ತಿದ್ದರು. ಇದನ್ನು ನೋಡಿ ಮನೆಗೆ ವಯಸ್ಸು ಕಟ್ಟುವವರು ಊರೂರಲ್ಲೂ ಇದ್ದಾರೆ, ನಿಮ್ಮ ದೊಡ್ಡಪ್ಪ ಒಬ್ಬರೇ ಅಲ್ಲ.

ನಿಜವಾದ ಸಾಕ್ಷಿ ತೊಲೆಯಲ್ಲಿದೆ. ಕೀಲಕ ಸಂವತ್ಸರ 60 ವರ್ಷಕ್ಕೊಮ್ಮೆ ಬರುತ್ತದೆ: 1848, 1908, 1968. 1848ರಲ್ಲಿ ಆ ಕಾರ್ಖಾನೆಯೇ ಇರಲಿಲ್ಲ. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟಿಷರು ಮಿಷನ್‌ನ ಕಾರ್ಖಾನೆಗಳನ್ನು ವಶಕ್ಕೆ ತೆಗೆದುಕೊಂಡರು, ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಯ ಕೈಗೆ ಹೋದವು. ಹಾಗಾಗಿ 1968ರಲ್ಲಿ ಬಾಸೆಲ್ ಮಿಷನ್ ಹೆಸರಿನ ಹೊಸ ಹೆಂಚು ಸಿಗುವ ಮಾತೇ ಇಲ್ಲ. ಉಳಿದದ್ದು 1908. ವೈಶಾಖ ಶುದ್ಧ ತದಿಗೆ ಅಂದರೆ ಅಕ್ಷಯ ತದಿಗೆ. ಆ ವರ್ಷ ಅದು ಮೇ ತಿಂಗಳ ಮೊದಲ ವಾರ ಬಿದ್ದಿತ್ತು. ಮಳೆಗಾಲಕ್ಕೆ ಮುಂಚೆ ತೊಲೆ ಏರಿಸಿ ಹೆಂಚು ಹೊದಿಸಲು ಸರಿಯಾದ ಹೊತ್ತು, ಅಲ್ವಾ? ಹೆಂಚು ಮಂಗಳೂರಿಂದ ಕುಮಟೆ ಬಂದರಿಗೆ ಬಂದು, ಗಾಡಿಯಲ್ಲಿ ದೇವಿಮನೆ ಘಟ್ಟ ಹತ್ತಿರಬೇಕು.

ಒಂದು ಎಚ್ಚರಿಕೆ. ಹಳೇ ಹೆಂಚನ್ನು ಬೇರೆ ಕಡೆಯಿಂದ ತಂದು ಹೊದಿಸುವುದೂ ಉಂಟು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರದ ನಕಲು ಕೇಳಿ, ಅಜ್ಜನ ಕಾಲದ ಲೆಕ್ಕದ ಪುಸ್ತಕ ಇದ್ದರೆ ತೆಗೆಸಿ ನೋಡಿ.

ಇನ್ನು ಗೋಡೆ. ನಾನು ಗಾರೆ ಕೆಲಸದ ಉಸ್ತುವಾರಿಯಲ್ಲೇ ತಲೆ ಹಣ್ಣು ಮಾಡಿಕೊಂಡವನು. ಇಂಥ ಗೋಡೆ ಕಂಡಾಗ ನಾನು ಮೊದಲು ನೋಡುವುದು ಗೋಡೆಯನ್ನಲ್ಲ, ರಸ್ತೆಯನ್ನು. ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಏರುತ್ತದೆ, ಜಗಲಿ ಮಾತ್ರ ಇದ್ದಲ್ಲೇ ಇರುತ್ತದೆ. ಮಳೆನೀರು ಬುಡಕ್ಕೆ ಬಂದು ನಿಲ್ಲುತ್ತದೆ. ಗೋಡೆಯ ಚಿರೆಕಲ್ಲು (ಜಂಬಿಟ್ಟಿಗೆ) ಅದನ್ನು ಹೀರಿಕೊಂಡು ಮೇಲೆ ಕಳಿಸುತ್ತದೆ. ಸುಣ್ಣದ ಗಾರೆ ಇದ್ದಾಗ ಆ ತೇವ ಆರಿಹೋಗುತ್ತಿತ್ತು. ಸಿಮೆಂಟ್ ಗಿಲಾವು ಗೋಡೆಗೆ ರೈನ್‌ಕೋಟ್ ತೊಡಿಸಿದ ಹಾಗೆ, ಒಳಗಿನ ಬೆವರು ಒಳಗೇ. ಉಪ್ಪು ಬಂದು ಗಿಲಾವಿನ ಹಿಂದೆ ಕೂತು ಅದನ್ನು ಹೊರಗೆ ದೂಡುತ್ತದೆ. ಬೆರಳಿನಿಂದ ತಟ್ಟಿ ನೋಡಿ. ಡೊಬ್ ಡೊಬ್ ಅಂದ ಕಡೆಯೆಲ್ಲ ಗಿಲಾವು ಗೋಡೆ ಬಿಟ್ಟಿದೆ ಎಂದೇ ಅರ್ಥ.

ಮೊದಲು ನೀರು ತಪ್ಪಿಸಿ. ಸೂರಿನ ದೋಣಿ ಸರಿಮಾಡಿ, ಜಗಲಿ ಪಕ್ಕ ಚರಂಡಿ ತೋಡಿಸಿ. ಮಳೆ ಮುಗಿದ ಮೇಲೆ ಸಿಮೆಂಟನ್ನು ಸಣ್ಣ ಉಳಿಯಿಂದ ಬಿಡಿಸಿ. ಡ್ರಿಲ್ ಮೆಷಿನ್ ಬೇಡ, ಕಲ್ಲಿನ ಮೂಲೆ ಒಡೆಯುತ್ತದೆ. ಒಂದು ಬೇಸಗೆ ಪೂರ್ತಿ ಗೋಡೆ ಬರಿಮೈಯಲ್ಲಿ ಒಣಗಲಿ. ಅಂಗಡಿ ನೋಡಲು ಚೆನ್ನಾಗಿರಲ್ಲ, ಇರಲಿ ಬಿಡಿ. ಆಮೇಲೆ ಒಂದು ಪಾಲು ಸುಣ್ಣ, ಮೂರು ಪಾಲು ಮರಳು. ಸುಣ್ಣ ಕನಿಷ್ಠ ಎರಡು ವಾರ ನೀರಲ್ಲಿ ನೆನೆದಿರಬೇಕು. ಕರಾವಳಿ ಕಡೆಯ ಚಿಪ್ಪಿನ ಸುಣ್ಣ ಸಿಕ್ಕರೆ ಒಳ್ಳೆಯದು. ಬೆಲ್ಲ, ಅಳಲೆಕಾಯಿ ಹಾಕಬೇಕಾ ಅಂತ ತುಂಬ ಜನ ಕೇಳುತ್ತಾರೆ. ಕೆಲಸ ಬಲ್ಲ ಮೇಸ್ತ್ರಿ ಹಾಕುವುದಾದರೆ ಹಾಕಲಿ. ಸುಣ್ಣವನ್ನೇ ಸರಿಯಾಗಿ ನೆನೆಸದೆ ಬೆಲ್ಲ ಸುರಿದರೆ ಇರುವೆಗೆ ಹಬ್ಬ, ಅಷ್ಟೇ.

ಕೆಡವುವ ಮಾತಿಗೆ ನಾನು ಒಪ್ಪುವುದಿಲ್ಲ. ಹಾಗಂತ ಸುಮ್ನೆ ಬಿಡುವಂತೆಯೂ ಇಲ್ಲ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ನಾಲ್ವರು ಸತ್ತರು. ಕೆಳಗೆ ವ್ಯಾಪಾರ ನಡೆಯುವ ಕಟ್ಟಡ ನಿಮ್ಮದು. ತೊಲೆಯ ತುದಿ ಗೋಡೆಯೊಳಗೆ ಹೊಕ್ಕಿರುವ ಜಾಗದಲ್ಲಿ ಚೂಪಾದ ಸ್ಕ್ರೂಡ್ರೈವರ್ ಒತ್ತಿ ನೋಡಿಸಿ. ಕೊಳೆಯುವುದು, ಗೆದ್ದಲು ಹಿಡಿಯುವುದು ಅಲ್ಲೇ ಜಾಸ್ತಿ. ಸಲೀಸಾಗಿ ಒಳಗೆ ಹೋದರೆ ಅದೇ ದಿನ ಅಟ್ಟ ಖಾಲಿ ಮಾಡಿ, ಕೆಳಗೆ ಆನಿಕೆ ಕೊಡಿಸಿ. ಹಳೇ ಕಟ್ಟಡ ರಿಪೇರಿ ಮಾಡಿ ಅನುಭವ ಇರುವ ಎಂಜಿನಿಯರ್‌ಗೆ ತೋರಿಸಿ. ತುದಿಯಷ್ಟೇ ಹಾಳಾಗಿದ್ದರೆ ಅಷ್ಟನ್ನು ಕತ್ತರಿಸಿ ಅದೇ ಜಾತಿಯ ಮರ ಜೋಡಿಸಬಹುದು.

ಹಲಗೆ ಬಾಗಿಲು ಇರಲಿ ಎಂಬುದು ನನ್ನ ಹಟ. ಹಲಗೆಗಳ ಒಳಮೈಯಲ್ಲಿ ಉಳಿಯಿಂದ ಕೊರೆದ ಅಂಕಿ ಇದೆಯಾ ನೋಡಿ. ಜೋಡಿಸುವ ಕ್ರಮ ತಪ್ಪಬಾರದು ಅಂತ ಬಡಗಿ ಹಾಕಿರುತ್ತಾನೆ. ಬಣ್ಣ ಬಳಿಯುವಾಗ ಅದನ್ನು ಮುಚ್ಚಬೇಡಿ. ಕಳ್ಳರ ಭಯಕ್ಕೆ ಶಟರ್ ಬೇಕೇಬೇಕು ಅಂದರೆ ಹಲಗೆಯ ಒಳಗಡೆ ಹಾಕಿಸಿ. ಭಾರವನ್ನು ಹಳೇ ತೊಲೆಗೆ ಕೊಡದೆ ಬೇರೆ ಕಬ್ಬಿಣದ ಚೌಕಟ್ಟು ನೆಲದಿಂದ ಎಬ್ಬಿಸಿ. ಖರ್ಚು ಸ್ವಲ್ಪ ಜಾಸ್ತಿ ಆಗುತ್ತದೆ.