ಕಾಪು ಲೈಟ್‌ಹೌಸ್ ಯಾವಾಗ ಕಟ್ಟಿದ್ದು? ಕರೆಂಟ್ ಇಲ್ಲದಾಗ ಹೆಂಗ ಉರೀತಿತ್ತು?

ಉಡುಪಿ ಹತ್ರದ ಕಾಪು ಲೈಟ್‌ಹೌಸ್ ಕಟ್ಟಿದ್ದು 1901ರಾಗ ರೀ, ಬ್ರಿಟಿಷರ ಕಾಲಕ್ಕ. ಆವಾಗ ಸೀಮೆಎಣ್ಣಿ ದೀಪ, ಕರೆಂಟ್ ಆಮ್ಯಾಲೆ ಬಂತು.

ನಾವು ವಿಜಾಪುರದವ್ರಿಗೆ ಎತ್ತರ ಅಂದ್ರ ನಮ್ಮೂರಿನ ಹಳೇ ಕಾವಲು ಗೋಪುರ ಉಪ್ಲಿ ಬುರುಜ್, ಅದು ಸುಮಾರು 80 ಅಡಿ, ಕಾಪುದ್ದು ಇನ್ನೂ ಸ್ವಲ್ಪ ಜಾಸ್ತಿ, 27 ಮೀಟರ್ ಅಂದ್ರ ಸುಮಾರು 89 ಅಡಿ, ಅದೂ ಸಮುದ್ರದ ದಂಡ್ಯಾಗ ಬಂಡಿಗಲ್ಲಿನ ಮ್ಯಾಲ ನಿಂತೈತಿ, ಹತ್ತಿ ನಿಂತಾಗ ಆ ಉಪ್ಪು ಗಾಳಿಗೆ ಕಣ್ಣು ಬಿಡೂದೂ ಕಷ್ಟ ಆಗಿತ್ತು ನನಗ.

ಒಂದು ಸೀಮೆಎಣ್ಣಿ ದೀಪ ಮೈಲಿಗಟ್ಟಲೆ ದೂರ ಹೆಂಗ ಕಾಣ್ತದ ಅನ್ನೂದ ಖರೇ ಮಜಾ ವಿಷಯ. ಫ್ರಾನ್ಸಿನ ಫ್ರೆನೆಲ್ ಅನ್ನೋ ವಿಜ್ಞಾನಿ 1820ರ ದಶಕದಾಗ ಒಂದು ಲೆನ್ಸ್ ಮಾಡಿದ್ರು, ದೀಪದ ಸುತ್ತ ಉಂಗುರದಂಗ ಗಾಜಿನ ಪಟ್ಟಿ ಜೋಡಿಸಿ, ಮ್ಯಾಲ ಕೆಳಗ ಚದುರಿ ಹೋಗೋ ಬೆಳಕನ್ನೆಲ್ಲಾ ಬಗ್ಗಿಸಿ ಸಮುದ್ರದ ಕಡೆ ನೆಟ್ಟಗ ಕಳಸ್ತದ, ಎಣ್ಣಿ ಅಷ್ಟ, ಬೆಳಕು ಮಾತ್ರ ಎಷ್ಟೋ ಪಟ್ಟು. ಮುಂದ ಜಗತ್ತಿನ ತುಂಬಾ ಲೈಟ್‌ಹೌಸ್‌ಗೆ ಇದ ಲೆನ್ಸ್ ಬಂತು.

ಕಾಪು ಲೈಟ್‌ಹೌಸಿನ ಮ್ಯಾಲಿನ ಕಪ್ಪು-ಬಿಳಿ ಬಣ್ಣದ ಪಟ್ಟಿ ಬರೇ ಚಂದಕ್ಕಲ್ಲ, ಹಗಲಿನಾಗ ದೋಣಿಯವ್ರು ಅದನ್ನ ನೋಡೇ ಇದು ಕಾಪು ಅಂತ ಗುರ್ತು ಹಿಡೀತಾರ. ರಾತ್ರಿ ಮಿಣುಕೋ ಲೆಕ್ಕ ಒಂದೊಂದು ಲೈಟ್‌ಹೌಸಿಂದು ಬ್ಯಾರೆ ಬ್ಯಾರೆ.