ಮನೆಮಾತು, ಮೂಲ ಊರು, ಹಬ್ಬದ ಪಯಣ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಗಳು ಇಂಗ್ಲೆಂಡಿನಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ಬಾಡಿಗೆ ಮನೆಯಲ್ಲಿ ಅವಳ ಜೊತೆ ಮೂವರು ಚೀನೀ ಹುಡುಗಿಯರಿದ್ದಾರೆ. ಒಬ್ಬಳು ಊರಿಗೆ ಫೋನ್ ಮಾಡಿದರೆ ಉಳಿದಿಬ್ಬರಿಗೆ ಒಂದಕ್ಷರ ತಿಳಿಯುವುದಿಲ್ಲವಂತೆ. ಇನ್ನೊಬ್ಬಳು ಅವರೊಡನೆ ಇಂಗ್ಲಿಷಿನಲ್ಲೇ ಮಾತಾಡುತ್ತಾಳಂತೆ. ಚೀನೀ ಭಾಷೆ ಒಂದೇ ಅಲ್ಲವೆ?
– ಓದುಗರು, ಕಲಬುರಗಿ

ಉತ್ತರ: ಬರಹ ಬಹುಮಟ್ಟಿಗೆ ಒಂದೇ, ಮಾತು ಹಲವು. ಬೀಜಿಂಗ್ ಉಚ್ಚಾರಣೆಯನ್ನು ಆಧಾರವಾಗಿಟ್ಟು ರೂಪಿಸಿದ ಪುತೊಂಗ್‌ಹ್ವಾ ಶಾಲೆಯ, ಕಚೇರಿಯ, ಟಿ.ವಿ.ಯ ಭಾಷೆ. ನಾವು ಮ್ಯಾಂಡರಿನ್ ಎನ್ನುವುದು ಇದನ್ನೇ. 1956ರಲ್ಲಿ ಸರ್ಕಾರ ಇದನ್ನು ದೇಶವಿಡೀ ಹರಡಲು ಆದೇಶಿಸಿತು. 1958ರಲ್ಲಿ ಉಚ್ಚಾರಣೆ ಕಲಿಸಲು ರೋಮನ್ ಲಿಪಿಯ ಪಿನ್‌ಯಿನ್ ಬಂತು. 2001ರ ಜನವರಿ 1ರಿಂದ ಇದಕ್ಕೊಂದು ಕಾನೂನೇ ಇದೆ. ಮನೆಯೊಳಗೆ ಮಾತ್ರ ಕ್ಯಾಂಟನೀಸ್, ಹಕ್ಕಾ, ಶಾಂಘೈ ಕಡೆಯ ವೂ, ಫುಜಿಯಾನ್ ಕಡೆಯ ಮಿನ್ ಹೀಗೆ ಬೇರೆ ಬೇರೆ. ಭಾಷಾವಿಜ್ಞಾನಿಗಳು ಏಳೋ ಹತ್ತೋ ಗುಂಪು ಮಾಡುತ್ತಾರೆ. ‘ಉಪಭಾಷೆ’ ಎಂಬ ಹೆಸರಿದ್ದರೂ ಇವುಗಳ ನಡುವಿನ ಅಂತರ ಕಲಬುರಗಿ, ಮೈಸೂರು ಕನ್ನಡಗಳ ನಡುವಿನಷ್ಟಲ್ಲ. ಕನ್ನಡ, ತೆಲುಗುಗಳ ನಡುವಿನಷ್ಟು ಎಂದುಕೊಳ್ಳಿ.

ನಿಮ್ಮ ಮಗಳೇ ಪರೀಕ್ಷಿಸಬಹುದು. ಗೆಳತಿಯರಿಗೆ ಅವರವರ ಮನೆಮಾತಿನಲ್ಲಿ ಹತ್ತರವರೆಗೆ ಎಣಿಸಲು ಹೇಳಲಿ. 1, 6, 7, 8, 10ಕ್ಕೆ ಕಿವಿಗೊಡಬೇಕು. ಪುತೊಂಗ್‌ಹ್ವಾದಲ್ಲಿ ಇವು ಯಿ, ಲ್ಯೂ, ಚಿ, ಬಾ, ಷ ಎಂದು ಸ್ವರದಲ್ಲೇ ಮುಗಿಯುತ್ತವೆ. ಕ್ಯಾಂಟನೀಸ್‌ನಲ್ಲಿ ಯಾತ್, ಲುಕ್, ಚಾತ್, ಬಾತ್, ಸಪ್ ಎಂದು ತಟ್ಟನೆ ನಿಲ್ಲುತ್ತವೆ. ಹಕ್ಕಾದಲ್ಲೂ ಈ ನಿಲುಗಡೆ ಉಳಿದಿದೆ. ದನಿಯ ಏರಿಳಿತವೂ ಬೇರೆ: ಪುತೊಂಗ್‌ಹ್ವಾಕ್ಕೆ ನಾಲ್ಕು ಮುಖ್ಯ ಧಾಟಿ, ಕ್ಯಾಂಟನೀಸ್‌ಗೆ ಆರು.

ಇಂಗ್ಲಿಷಿನಲ್ಲೇ ಮಾತಾಡುವ ಹುಡುಗಿ ಮಲೇಶಿಯಾದವಳಾಗಿರಬಹುದು. ಪೆನಾಂಗ್‌ನಲ್ಲಿ ಮಿನ್ ಗುಂಪಿನ ಹೊಕ್ಕಿಯೆನ್, ಕ್ವಾಲಾಲಂಪುರದಲ್ಲಿ ಕ್ಯಾಂಟನೀಸ್ ಆಡುವ ಚೀನೀ ಮನೆತನಗಳು ಬಹಳ. ಮಲಯ ಅಥವಾ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರಿಗೆ ಮ್ಯಾಂಡರಿನ್ ಅಷ್ಟಾಗಿ ಬರದಿದ್ದರೆ ಆಶ್ಚರ್ಯವಿಲ್ಲ. ಅಂಥವರಿಗೆ ‘ನೀನು ಚೀನಾದವಳು’ ಎಂದರೆ ನೋವಾಗುತ್ತದೆ, ಅವರ ದೇಶ ಮಲೇಶಿಯಾ. ಮೊದಲು ಊರು ಕೇಳುವುದು ಒಳ್ಳೆಯದು.

ಪ್ರಶ್ನೆ: ಶೆನ್‌ಝೆನ್‌ನಲ್ಲೇ ಹುಟ್ಟಿ ಬೆಳೆದ ಚೀನೀ ಸಹಪಾಠಿ ತನ್ನ ಊರು ಚಾವ್‌ಝೌ ಎನ್ನುತ್ತಾನೆ. ಯಾಕೆ?
– ವಿದ್ಯಾರ್ಥಿ, ಬೀದರ್

ಉತ್ತರ: ಅಜ್ಜನ ಊರನ್ನೇ ಮೂಲ ಊರೆಂದು ಹೇಳುವ ರೂಢಿ ಅಲ್ಲಿ ಗಟ್ಟಿಯಾಗಿದೆ. ಶೆನ್‌ಝೆನ್ 1980ರಲ್ಲಿ ವಿಶೇಷ ಆರ್ಥಿಕ ವಲಯವಾದ ಮೇಲೆ ಎಲ್ಲ ಪ್ರಾಂತಗಳ ಜನ ಬಂದು ತುಂಬಿದ ನಗರ. ಕ್ಯಾಂಟನೀಸ್ ನಾಡಿನಲ್ಲಿದ್ದರೂ ಅಲ್ಲಿಯ ಬೀದಿಮಾತು ಪುತೊಂಗ್‌ಹ್ವಾ. ಚಾವ್‌ಝೌ ಕೂಡ ಶೆನ್‌ಝೆನ್ ಇರುವ ಗ್ವಾಂಗ್‌ಡಾಂಗ್ ಪ್ರಾಂತದ್ದೇ, ಅಲ್ಲಿನ ಮಾತು ಮಿನ್ ಗುಂಪಿನದು. ಇದರ ಜೊತೆ ಹುಕೌ ಎಂಬ ಮನೆತನದ ನೋಂದಣಿ ಪುಸ್ತಕವಿದೆ. ಮಗುವಿನ ಶಾಲೆ, ಕಾಲೇಜು ಪ್ರವೇಶ ಪರೀಕ್ಷೆ ಎಲ್ಲಿ ಎಂಬುದು ಬಹಳಷ್ಟು ಅದನ್ನೇ ಅವಲಂಬಿಸುತ್ತದೆ. ನಮ್ಮ 371(ಜೆ) ಪ್ರಮಾಣಪತ್ರದ ಹಾಗೆ ಎಂದು ತಿಳಿಯಬೇಡಿ. ಅದು ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುತ್ತದೆ. ತಮ್ಮ ಹುಕೌ ಇಲ್ಲದ ಊರಿನಲ್ಲಿ ದುಡಿಯುವವರಿಗೆ ಕೆಲವು ಸೌಲಭ್ಯಗಳೇ ಕೈತಪ್ಪುತ್ತವೆ.

ಪ್ರಶ್ನೆ: ಮೆಲ್ಬರ್ನ್‌ನಲ್ಲಿರುವ ಮಗನನ್ನು ಚೀನೀ ಗೆಳೆಯ ವಸಂತ ಹಬ್ಬಕ್ಕೆ (ಚೀನೀ ಹೊಸ ವರ್ಷಕ್ಕೆ) ಚೀನಾದ ತನ್ನ ಮನೆಗೆ ಕರೆದಿದ್ದಾನೆ. ನಾವು ಸಸ್ಯಾಹಾರಿಗಳು. ಏನು ಎಚ್ಚರ ವಹಿಸಬೇಕು?
– ಓದುಗರು, ಯಾದಗಿರಿ

ಉತ್ತರ: 2027ರಲ್ಲಿ ಹಬ್ಬ ಫೆಬ್ರವರಿ 6ಕ್ಕೆ. ಆಸ್ಟ್ರೇಲಿಯಾದಲ್ಲಿ ಆಗ ಬೇಸಿಗೆ ರಜೆ, ಹಾಗಾಗಿ ಹೋಗಲು ಅನುಕೂಲ. ಬ್ರಿಟನ್, ಅಮೆರಿಕಗಳಲ್ಲಿ ಓದುವವರಿಗೆ ತರಗತಿ ನಡೆದಿರುತ್ತವೆ, ಅನೇಕರು ಹಬ್ಬ ಬಿಟ್ಟು ಜೂನ್‌ನಲ್ಲಿ ಊರಿಗೆ ಹೋಗುವುದು ಅದಕ್ಕೇ.

ಹಬ್ಬದ ಓಡಾಟದ ಕಾಲ 40 ದಿನ: ಹಬ್ಬಕ್ಕೆ 15 ದಿನ ಮೊದಲು ಶುರು, ಆಮೇಲೆ 25 ದಿನ. ರೈಲು ಟಿಕೆಟ್ ಸಾಮಾನ್ಯವಾಗಿ 15 ದಿನ ಮೊದಲು ತೆರೆಯುತ್ತದೆ, ತೆರೆದ ದಿನವೇ ಪಾಸ್‌ಪೋರ್ಟ್ ಸಂಖ್ಯೆ ಕೊಟ್ಟು ಕಾಯ್ದಿರಿಸಲಿ. ಹೋಟೆಲಿನಲ್ಲಿ ಉಳಿದರೆ ನೋಂದಣಿ ಅವರೇ ಮಾಡುತ್ತಾರೆ. ಗೆಳೆಯನ ಮನೆಯಲ್ಲಿ ಉಳಿದರೆ 24 ಗಂಟೆಯೊಳಗೆ ಆ ಊರಿನ ಪೊಲೀಸ್ ಠಾಣೆಯಲ್ಲಿ ಹೆಸರು ಬರೆಸಲೇಬೇಕು. ಹಬ್ಬದ ಗದ್ದಲದಲ್ಲಿ ಮರೆಯುವುದು ಇದನ್ನೇ.

ಊಟಕ್ಕೆ ‘ಮಾಂಸ ಬೇಡ’ ಎಂದಷ್ಟೇ ಹೇಳಿದರೆ ಸಾಲದು. ತರಕಾರಿಯನ್ನೂ ಹಂದಿಯ ಕೊಬ್ಬಿನಲ್ಲಿ ಹುರಿಯುವುದುಂಟು, ಸಾರಿಗೆ ಎಲುಬಿನ ರಸ ಹಾಕುವುದುಂಟು. ಮಾಂಸ, ಮೀನು, ಮೊಟ್ಟೆ, ಪ್ರಾಣಿಗಳ ಕೊಬ್ಬು, ಎಲುಬಿನ ರಸ ಎಂದು ಒಂದೊಂದಾಗಿ ಬರೆದು ವಾರ ಮೊದಲೇ ಗೆಳೆಯನ ತಾಯಿಗೆ ಕಳಿಸಲಿ.

ಮಕ್ಕಳಿಗೆ ಕೆಂಪು ಲಕೋಟೆಯಲ್ಲಿ ಹೊಸ ನೋಟು ಕೊಡುವ ಪದ್ಧತಿಯಿದೆ. ನಮ್ಮ 101, 501ರ ಹಾಗೆ ಒಂದು ರೂಪಾಯಿ ಸೇರಿಸಬಾರದು. ಅಲ್ಲಿ ಸಮಸಂಖ್ಯೆ ಶುಭ, ನಾಲ್ಕು ಮಾತ್ರ ಬೇಡ. 200 ಯುವಾನ್ ಇಟ್ಟು ಎರಡೂ ಕೈಯಿಂದ ಕೊಡಲಿ. ಉಡುಗೊರೆಗೆ ಚಿಕ್ಕ ಬಿದ್ರಿ ಡಬ್ಬಿ ಚೆಂದ, ಕೆಂಪು ಕಾಗದದಲ್ಲಿ ಸುತ್ತಲಿ. ಗಡಿಯಾರ ಬೇಡ. ಹಾಲಿನ ಪದಾರ್ಥ, ತಾಜಾ ಹಣ್ಣು ಒಯ್ದರೆ ಕಸ್ಟಮ್ಸ್‌ನವರು ತೆಗೆದಿಡುತ್ತಾರೆ.

ಪ್ರಶ್ನೆ: ಮೊಮ್ಮಕ್ಕಳು ಟೆಕ್ಸಾಸ್‌ದಾಗ ಅದಾವ್ರಿ. ನಾವು ಅಂದದ್ದು ತಿಳಿತದ, ತಿರುಗಿ ಮಾತಾಡಂಗಿಲ್ಲ. ಊರಿಗಿ ಬಂದಾಗ ಓಣ್ಯಾಗಿನ ಹುಡುಗರು ನಗ್ತಾವ. ಏನ್ ಮಾಡಬೇಕ್ರಿ?
– ಅಜ್ಜಿಯೊಬ್ಬರು, ಆಳಂದ ತಾಲ್ಲೂಕು

ಉತ್ತರ: ಅವ್ವಾರ, ಪರದೇಶದಾಗ ಓದೋ ಚೀನೀ ಹುಡುಗರೂ ಇದನ್ನೇ ಹೇಳ್ತಾರ: ಅಜ್ಜಿ ಮಾತು ತಿಳಿತದ, ಬಾಯಿಗಿ ಮಾತ್ರ ಶಾಲಿ ಭಾಷಾನೇ ಬರ್ತದ. ಕಿವಿಗಿ ರೂಢಿ ಆದದ್ದು ಬಾಯಿಗಿ ಬರಬೇಕಂದ್ರ ಉತ್ತರ ಕೊಡಲೇಬೇಕಾದ ಪ್ರಶ್ನಿ ಬೇಕು. ‘ಉಂಡ್ಯಾ?’ ಅಂದ್ರ ತಲಿ ಅಲ್ಲಾಡಿಸ್ತಾವ. ‘ರೊಟ್ಟಿ ಬೇಕೋ, ಚಪಾತಿ ಬೇಕೋ?’ ಅಂತ ಕೇಳ್ರಿ. ಆಮ್ಯಾಲ ‘ಯಾಕ?’ ಅನ್ರಿ. ತಪ್ಪಂದ್ರೂ ನಡುವೆ ತಿದ್ದಬ್ಯಾಡ್ರಿ, ನಿಮ್ಮ ಉತ್ತರದಾಗ ಸರಿ ಮಾತು ಬಂದ್ರ ಸಾಕು. ನಿಮಗ ‘ನೀ’ ಅಂದ್ರ ಬಿಡ್ರಿ, ಅದು ಸಲಿಗಿ.

ಪ್ರತಿ ರವಿವಾರ ರಾತ್ರಿ ಎಂಟಕ್ಕ ಫೋನ್ ಇಟ್ಕೋರಿ. ಟೆಕ್ಸಾಸ್‌ದಾಗ ಆಗ ಬೇಸಿಗ್ಯಾಗ ಮುಂಜಾನಿ ಒಂಬತ್ತೂವರಿ, ಚಳಿಗಾಲದಾಗ ಎಂಟೂವರಿ. ಮಾರ್ಚ್ ಎರಡನೇ ರವಿವಾರ, ನವೆಂಬರ್ ಮೊದಲನೇ ರವಿವಾರ ಅಲ್ಲಿ ಗಡಿಯಾರ ಬದಲಾಗ್ತದ, ಆ ವಾರ ಫೋನ್ ತಪ್ಪೋದು ಅದಕ್ಕೇ. ಊರಿಗಿ ಜೂನ್‌ದಾಗ ಬಂದ್ರ ಇಲ್ಲಿ ಶಾಲಿ ಶುರು ಆಗಿರ್ತಾವ, ಜೊತಿ ಆಡೋ ಹುಡುಗರು ಹಗಲೆಲ್ಲ ಸಿಗಂಗಿಲ್ಲ. ಸಂಜಿಮುಂದ ಓಣ್ಯಾಗಿನ ಒಬ್ಬ ಹುಡುಗನ ಜೊತಿ ಕಿರಾಣಿ ಅಂಗಡಿಗಿ ಕಳಿಸ್ರಿ: ‘ಪಾವ್ ಕಿಲೋ ಶೇಂಗಾ ಕೊಡ್ರಿ.’ ಗುಂಪಿನ್ಯಾಗ ನಗೋ ಹುಡುಗರು ಒಬ್ರೇ ಇದ್ದಾಗ ಕಲಿಸ್ತಾರ.